ರಕ್ತ ಬಂದರೆ ಉಜ್ಜಬೇಡಿ ಎಂದ ಕಚೇರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಮೂರು ವರ್ಷಗಳಿಂದ ಈ ಊರಿನ ಗೋಡೆಗೋಡೆಗೂ ಒಂದು ಸುಳ್ಳನ್ನು ನಾಲ್ಕು ಬಣ್ಣದಲ್ಲಿ ಅಂಟಿಸಿದೆ. ‘ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಆ ಜಾಗವನ್ನು ಉಜ್ಜಬೇಡಿ. ತಾನಾಗಿಯೇ ವಾಸಿಯಾಗುತ್ತದೆ.’ ಈ ಅಮೃತವಾಣಿಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಬಾಯ್ತುಂಬ ನಗುತ್ತಿದ್ದಾಳೆ. ಅವಳಿಗೇನು, ಕಾಗದದ ಹಲ್ಲು.

ಇದರಿಂದ ಯಾರಿಗೂ ಉಪಕಾರವಾಗಿಲ್ಲ ಎಂದು ನಾನು ಹೇಳುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಬಹಳ ಆಗಿದೆ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬಿಡಾರ ಹೂಡುವ ಆ ಜೀವಿಗಳಿಗೆ ಜಗತ್ತಿನಲ್ಲಿ ಇರುವ ಭಯ ಒಂದೇ, ದಿನಾ ಬಂದು ಎಬ್ಬಿಸುವ ಬ್ರಷ್ಷು. ಆ ಭಯವನ್ನೂ ನೀವು ಸರ್ಕಾರಿ ಖರ್ಚಿನಲ್ಲಿ ನಿವಾರಿಸಿದ್ದೀರಿ. ಅವುಗಳಿಗೆ ಕೈಯಿದ್ದಿದ್ದರೆ ನಿಮಗೆ ಶಾಲು ಹೊದಿಸುತ್ತಿದ್ದವು.

ನಾನು ನಿಮ್ಮ ಪೋಸ್ಟರ್ ಅಚ್ಚಾಗುವ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಮೊದಲ ಸಲ ಈ ಸಾಲು ನನ್ನ ಮೇಜಿಗೆ ಬಂದಾಗ ಯಾಕೋ ಅನುಮಾನವಾಗಿ ನಿಮ್ಮ ಕಚೇರಿಗೆ ಫೋನ್ ಮಾಡಿದ್ದೆ. “ನೀವು ಅಕ್ಷರ ನೋಡ್ಕೊಳ್ಳಿ ಮೇಡಂ, ವಿಷಯ ನಾವು ನೋಡ್ಕೋತೀವಿ” ಅಂದರು. ಸರಿ, ಅಕ್ಷರ ನೋಡಿಕೊಂಡೆ. ನಮ್ಮಲ್ಲಿ ಕರಡಿನ ಮೂಲೆಯಲ್ಲಿ ನನ್ನ ಸಹಿ ಬೀಳದೆ ಯಂತ್ರ ತಿರುಗುವುದಿಲ್ಲ. ಸಹಿ ಹಾಕಿದೆ. ಅಷ್ಟಕ್ಕೇ ಸುಮ್ಮನಾಗದೆ, ಬಣ್ಣ ಸ್ವಲ್ಪ ಆಚೀಚೆಯಾಗಿ ಪಕ್ಕಕ್ಕಿಟ್ಟಿದ್ದ ಒಂದು ಹಾಳೆಯನ್ನು ಮನೆಗೆ ತಂದು ಬಚ್ಚಲುಮನೆಯ ಕನ್ನಡಿ ಪಕ್ಕ ಅಂಟಿಸಿದೆ. ಇಷ್ಟು ದೊಡ್ಡ ಕಚೇರಿ ಹೇಳುವಾಗ ನನ್ನ ಅನುಮಾನವೇ ತಪ್ಪಿರಬೇಕು ಅಂದುಕೊಂಡೆ.

ನಮ್ಮ ಯಜಮಾನರು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕೆಲಸ. ಆ ವಾದ್ಯ ನಿಲ್ಲುವುದೇ ಮೇಲಿನ ಮುಂದಿನ ಹಲ್ಲುಗಳ ಆಸರೆಯಲ್ಲಿ. ಒಂದು ಬೆಳಿಗ್ಗೆ ಉಗುಳಿದ ನೊರೆ ಕೆಂಪಗಿತ್ತು. ಅವರು ಪೋಸ್ಟರ್ ನೋಡಿದರು, ನಾನೂ ನೋಡಿದೆ. “ಮುಂದಿನ ನಾಲ್ಕು ಹಲ್ಲು ಬಿಟ್ಟು ಉಜ್ತೀನಿ ಬಿಡು” ಅಂದರು. “ಹಾಗೇ ಮಾಡಿ” ಎಂದವಳು ನಾನೇ. ರಕ್ತ ನಿಲ್ಲಲಿಲ್ಲ, ಬಾಯಿ ವಾಸನೆ ಬರತೊಡಗಿತು. ಇವರು ಇನ್ನಷ್ಟು ಶ್ರದ್ಧೆಯಿಂದ ಆ ಜಾಗವನ್ನು ಮುಟ್ಟದೆ ಕಾಪಾಡಿದರು. ನೋವಿರಲಿಲ್ಲ ನೋಡಿ, ಹಾಗಾಗಿ ಗಾಬರಿಯೂ ಇರಲಿಲ್ಲ. ಎರಡು ವರ್ಷದ ಮೇಲೆ ಒಂದು ದಿನ ಅಭ್ಯಾಸಕ್ಕೆ ಕೂತು ಊದಿದಾಗ ಹಲ್ಲು ಅಲ್ಲಾಡಿತು.

ದಂತವೈದ್ಯೆ ಬಾಯಿ ನೋಡಿ, ಕನ್ನಡಕ ತೆಗೆದು, “ಯಾರಮ್ಮ ನಿಮಗೆ ಉಜ್ಜಬೇಡಿ ಅಂದಿದ್ದು?” ಎಂದು ಕೇಳಿದರು. ನಾನು ಗೋಡೆ ಕಡೆ ನೋಡಿದೆ. ಅವರ ಕ್ಲಿನಿಕ್ಕಿನಲ್ಲಿ ನಿಮ್ಮ ಪೋಸ್ಟರ್ ಇರಲಿಲ್ಲ. ಬುದ್ಧಿವಂತೆ. “ರಕ್ತ ಬರೋದು ಬ್ರಷ್ಷಿಂದಲ್ಲ. ಅಲ್ಲಿ ಬ್ಯಾಕ್ಟೀರಿಯಾ ಪದರ ಕಟ್ಟಿರುತ್ತೆ, ಅದಕ್ಕೇ ವಸಡು ಊದಿಕೊಂಡಿರುತ್ತೆ. ಮೆತ್ತಗಿನ ಬ್ರಷ್ಷಲ್ಲಿ ದಿನಾ ತೆಗೀತಾ ಇದ್ದು, ಆವಾಗ್ಲೇ ಬಂದು ಕ್ಲೀನ್ ಮಾಡಿಸಿದ್ರೆ ವಸಡು ಸರಿಹೋಗ್ತಿತ್ತು. ಬಿಟ್ರೆ ಸಂದಿ ಆಳ ಆಗುತ್ತೆ. ಆಮೇಲೆ ಗಾಳಿ ಕಂಡರಾಗದ ಜಾತಿಯವು ಒಳಗೆ ಸೇರ್ಕೋತವೆ. ಹಲ್ಲು ಹಿಡ್ಕೊಂಡಿರೋ ಮೂಳೆನೇ ಕರಗುತ್ತೆ. ಹೋದ ಮೂಳೆ ಮೊದಲಿನ ಹಾಗೆ ಬರಲ್ಲಮ್ಮ.”

ಇಷ್ಟನ್ನು ಅವರು ಒಂದು ನಿಮಿಷದಲ್ಲಿ ಹೇಳಿದರು. ನಿಮ್ಮ ಕಚೇರಿಯಲ್ಲಿ ಈ ಒಂದು ನಿಮಿಷ ಯಾರಿಗೂ ಬಿಡುವಿರಲಿಲ್ಲವೇ? ಆ ಸಾಲು ಬರೆದ ಮಹಾನುಭಾವರು ಯಾವ ಗ್ರಂಥ ನೋಡಿ ಬರೆದರು? ಅವರು ಸ್ವತಃ ತಮ್ಮ ಹಲ್ಲುಗಳನ್ನು ಉಜ್ಜುತ್ತಾರೆಯೇ, ಅಥವಾ ಪರಿಶೀಲನೆಯಲ್ಲಿ ಇಟ್ಟಿದ್ದಾರೆಯೇ? ಕೇಳಲು ಕಾರಣವಿದೆ. ನನ್ನ ಎರಡು ದೂರುಗಳಿಗೆ ನಿಮ್ಮಿಂದ ಬಂದ ಉತ್ತರ ಒಂದೇ: ‘ವಿಷಯವು ಪರಿಶೀಲನೆಯಲ್ಲಿದೆ.’ ಅಷ್ಟರಲ್ಲಿ ನಮ್ಮವರ ಎರಡು ಹಲ್ಲು ಪರಿಶೀಲನೆ ಮುಗಿಸಿ ಹೊರಬಂದವು.

ಬ್ಯಾಂಡಿನ ಮೇಷ್ಟ್ರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ದೊಡ್ಡ ಡ್ರಮ್ಮು ಕೊಟ್ಟಿದ್ದಾರೆ. ಮೆರವಣಿಗೆಯಲ್ಲಿ ನಮ್ಮವರು ಈಗ ಕೊನೆಯ ಸಾಲಿನಲ್ಲಿ ಬಡಿಯುತ್ತಾ ಬರುತ್ತಾರೆ. ಬಡಿಯುವಾಗ ಎಡಗೈ ಬೆರಳುಗಳು ಕೋಲಿನ ಮೇಲೆ ಇಲ್ಲದ ಕ್ಲಾರಿನೆಟ್ ಕೀಲಿಗಳನ್ನು ಒತ್ತುತ್ತಿರುತ್ತವೆ. ನನಗೆ ನೋಡಲಾಗುವುದಿಲ್ಲ, ಪಕ್ಕದ ಬೀದಿಗೆ ಹೋಗಿ ನಿಲ್ಲುತ್ತೇನೆ.

ಈಗ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪೋಸ್ಟರಿನ ಎರಡನೆಯ ಮುದ್ರಣದ ಕರಡು ಸೋಮವಾರ ನನ್ನ ಮೇಜಿಗೆ ಬಂದಿದೆ. ಅದೇ ಹೆಣ್ಣುಮಗಳು, ಅದೇ ನಗು, ಅದೇ ಸಾಲು. ಕಚೇರಿಯ ಲಾಂಛನ ಮಾತ್ರ ದೊಡ್ಡದಾಗಿದೆ. ನಮ್ಮ ಮಾಲೀಕರು ದಿನಕ್ಕೆರಡು ಸಲ ಬಂದು, “ಒಂದು ಸಹಿ ತಾನೇ ಅಮ್ಮಾ, ಹಾಕಿಬಿಡಿ, ದೊಡ್ಡ ಗಿರಾಕಿ” ಎನ್ನುತ್ತಾರೆ. ನಿನ್ನೆ, “ನೀವಲ್ದಿದ್ರೆ ಇನ್ನೊಬ್ರು ಹಾಕ್ತಾರೆ” ಎಂದೂ ಹೇಳಿದರು. ಹೇಳಿದ್ದು ನಿಜವೇ ಇರಬಹುದು.

ಹಳೆಯ ಪೋಸ್ಟರುಗಳನ್ನು ಪ್ರತಿ ಗೋಡೆಯಿಂದಲೂ ಕಿತ್ತುಹಾಕಿಸಿ. ಹೊಸದರಲ್ಲಿ ಇಷ್ಟು ಬರೆಯಿಸಿ: ‘ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ. ಮೆಲ್ಲಗೆ ಉಜ್ಜಿ, ಬೇಗ ದಂತವೈದ್ಯರಿಗೆ ತೋರಿಸಿ. ನಾವು ಮೊದಲು ಹೇಳಿದ್ದು ತಪ್ಪು.’ ಕೊನೆಯ ವಾಕ್ಯವನ್ನು ಬಿಡುವ ಹಾಗಿಲ್ಲ. ಅದು ಬರುವ ತನಕ ಕರಡಿನ ಮೂಲೆ ಖಾಲಿ ಇರುತ್ತದೆ, ನನ್ನ ಕುರ್ಚಿ ಖಾಲಿಯಾದರೂ ಸರಿ.

ಇಂತಿ,
ಮೊದಲ ಮುದ್ರಣಕ್ಕೆ ಸಹಿ ಹಾಕಿ, ಮನೆಯ ಗೋಡೆಗೂ ತಾನೇ ಅಂಟಿಸಿದವಳು