ಅಜ್ಜಿ ಬೆಳಗದ ಆರತಿ

ಅಜ್ಜಾ,

ಹೋದ ವರ್ಷ ಕಾಲುವೆಯ ಏರಿಯ ಮೇಲೆ ಟ್ರ್ಯಾಕ್ಟರ್ ಪಲ್ಟಿಯಾಗಿ ನೀನು ಸತ್ತ ಜಾಗದಲ್ಲಿ ಊರವರು ಇವತ್ತು ನಿನ್ನ ಹೆಸರಿನ ಕಲ್ಲು ನಿಲ್ಲಿಸಿದರು. ನಮ್ಮೂರು ಮೇಲವಂಕಿಯ ಟ್ರ್ಯಾಕ್ಟರುಗಳೆಲ್ಲ ಈಗ ಅಲ್ಲಿ ಕಾಯಿ ಒಡೆದೇ ಮುಂದೆ ಹೋಗುತ್ತವೆ. ನೀನು ದೇವರಂತೆ! ನನಗೆ ಹೇಸಿಗೆಯಾಗುತ್ತದೆ.

ಮೊದಲ ಆರತಿ ಅಜ್ಜಿಯದೇ ಆಗಬೇಕೆಂದು ಊರ ಗೌಡರು ತಟ್ಟೆ ಕೊಟ್ಟರು.

"ಬೆಳಗ್ರಿ ಆಯಿ, ಅಜ್ಜಾರು ಈಗ ಊರ ಕಾಯಾಕತ್ತಾರ."

ನಿನ್ನ ಬಾರುಕೋಲಿನ ಗುರುತು ಇನ್ನೂ ಇರುವ ಕೈಯಿಂದ ಅವಳು ತಟ್ಟೆಯನ್ನು ಕೆಳಗಿಟ್ಟಳು.

"ಜೀವಂತ ಇದ್ದಾಗ ಅಂಜಿ ಕೈ ಮುಗದೇನ್ರಿ. ಈಗ ಯಾಕ ಮುಗೀಲಿ?"

ಅವಳು ಮನೆಯತ್ತ ನಡೆದಳು. ಆರತಿ ಹಿಡಿದು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು.

ನಿನ್ನ ಹೆಗಲ ಮೇಲೆ ಕೂತು ಬೆಳೆದ ನಾನೂ ಕಲ್ಲಿಗೆ ಬೆನ್ನು ಮಾಡಿ ಹೊರಟೆ. ತಿರುಗಿ ನೋಡಬಾರದು ಎಂದುಕೊಂಡಿದ್ದೆ; ಆದರೂ ಒಮ್ಮೆ ನೋಡಿದೆ.