ತಾಯಿಯಿಂದ ಬಂದದ್ದು

ತಂಗೀ,

ನಿನ್ನ ಮಗಳಿಗೆ ರೋಟಾವೈರಸ್ ತಗುಲಿ ಭೇದಿ ನಿಲ್ಲದಾಗಿತ್ತು. ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿಲ್ಲದೆ ನನ್ನ ತೋಳಿನಲ್ಲಿ ಜೋತುಬಿದ್ದಿದ್ದಳು. ಹೆರಿಗೆಯಲ್ಲಿ ನಿನ್ನನ್ನು ಕಳೆದುಕೊಂಡ ಆಸ್ಪತ್ರೆಗೇ ಓಡಿದೆ. ಸೂಜಿ ಚುಚ್ಚಲು ನರ್ಸಿಗೆ ನರವೇ ಸಿಗಲಿಲ್ಲ. ಕೊನೆಗೆ ಪಾದದಲ್ಲಿ ಸಿಕ್ಕಿತು.

ಮೈಯ ನೀರೆಲ್ಲ ಬತ್ತಿ ಉಚ್ಚೆಯೇ ನಿಂತುಹೋಗಿದ್ದವಳು ಇವತ್ತು ಬಟ್ಟೆ ಒದ್ದೆ ಮಾಡಿದಳು. ಅದನ್ನು ಹಿಡಿದುಕೊಂಡೇ ಅತ್ತುಬಿಟ್ಟೆ.

ಡಾಕ್ಟರಮ್ಮ ರಕ್ತದ ವರದಿ ನೋಡಿ, "ಗಟ್ಟಿಗಿತ್ತಿ ಕಣ್ರೀ! ಇಷ್ಟು ದಿನ ಹೆತ್ತ ತಾಯಿಯಿಂದ ರಕ್ತದಲ್ಲಿ ಬಂದ, ರೋಗ ತಡೆಯೋ ಆ್ಯಂಟಿಬಾಡಿ ಇವಳನ್ನ ಕಾಯ್ತಿತ್ತು. ಈಗ ತಾನೇ ತಯಾರಿಸ್ಕೊಳ್ತಿದ್ದಾಳೆ," ಎಂದರು.

"ಹಾಗಾದ್ರೆ ತಾಯಿದು?"

"ಕೆಲವು ತಿಂಗಳಲ್ಲಿ ಕರಗಿಹೋಗುತ್ತೆ."

"ಪೂರ್ತಿನಾ?"

ನನಗೆ ಭಯವಾಯಿತೆಂದುಕೊಂಡು ಅವರು ಸಮಾಧಾನ ಹೇಳಿದರು: "ಹೆದರ್ಬೇಡಿ, ಇನ್ನು ಅದು ಬೇಕಾಗಲ್ಲ."

ಮಗುವನ್ನು ಎದೆಗವುಚಿಕೊಂಡೆ. ಇವಳ ರಕ್ತದಲ್ಲಿ ನೀನು ಇನ್ನೆಷ್ಟು ತಿಂಗಳು ಇರುತ್ತೀಯೆಂದು ಬೆರಳು ಮಡಿಚಿ ಎಣಿಸಿದೆ.