ಖೋಲಿಗೆ ಯಾವ ಬಿಳಿ?

ಸಂಶಿ
೧೨-೧-೧೯೮೬

ದಿನಕರ ಅವರಿಗೆ,

ನಿಮ್ಮ ಪಾಕೀಟು ಮುಟ್ಟಿತು. ನಮ್ಮ ಖೋಲಿಗೆ ಹಾಲಬಿಳಿ ಹಚ್ಚಿಸಲೋ, ಮುತ್ತಿನಬಿಳಿ ಹಚ್ಚಿಸಲೋ, ನೀನ ಆರಿಸಿ ಮನಿಗೆ ಬಾ ಅಂತ ಬರದೀರಿ. ಲಗ್ನಾದಾಗಿಂದ ಒಂದು ಸೀರಿ ಸುದ್ಧಾ ನನ್ನ ಕೇಳಿ ತಂದವರಲ್ಲ, ಈಗ ಬಣ್ಣ ಕೇಳ್ತೀರಿ!

ಪಾಕೀಟಿನಾಗ ನೀವು ಇಟ್ಟಿದ್ದ ಬಣ್ಣದ ಚೀಟಿ ಅವ್ವ ನೋಡಿದಳು. "ಎರಡೂ ಒಂದ ಅವ ಅಲ್ಲೇ ಲೀಲಾ, ಇದರಾಗ ಏನ ಆರಸ್ತಿ?" ಅಂದಳು.

"ಆರಸೂದು ಏನಿಲ್ಲವ್ವ. ಅವರು ನನ್ನ ತಲಿ ಗ್ವಾಡಿಗೆ ಬಡದಾರಲ್ಲ, ಆ ನೆತ್ತರದ ಕಲಿ ಮುಚ್ಚೂದದ" ಅಂದೆ. ಇಷ್ಟು ದಿನ ಜಾರಿ ಬಿದ್ದೆ ಅಂತ ಆಕಿಗೆ ಸುಳ್ಳು ಹೇಳಿ ನಿಮ್ಮ ಮಾನ ಕಾದಿದ್ದೆ.

ಬೇಕಾದ ಬಿಳಿ ಹಚ್ಚಿಸಿಕೊಳ್ರಿ. ನಾ ಬರೂದಿಲ್ಲ. ನನ್ನ ಹೊಲಿಗಿ ಮಷೀನು ಸಂಶಿ ಬಸ್ಸಿಗೆ ಹಾಕಿಸ್ರಿ. ಅದರ ಹಿಂದ ನೀವು ಬರಬ್ಯಾಡ್ರಿ. ಇಳಿಸಿಕೊಳ್ಳಲಿಕ್ಕೆ ಸ್ಟ್ಯಾಂಡಿನಾಗ ಅವ್ವ ನಿಂತಿರ್ತಾಳ.

ಲೀಲಾಬಾಯಿ